ಬಂದರಿಗೆ ಮರಳಿದ ಬೀದಿಗಳು

ಹಡಗುಗಳು ದೊಡ್ಡವಾದಂತೆ ಹಳೆಯ ಬಂದರುಗಳು ಸಣ್ಣವಾಗುತ್ತವೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಎಲ್ಬೆ ನದಿಯ ಉತ್ತರ ದಂಡೆಗೆ ಒದಗಿದ ಗತಿ ಇದು. 1960ರ ದಶಕದ ಕೊನೆಗೆ ಮೂಟೆ, ಪೀಪಾಯಿಗಳ ಕಾಲ ಮುಗಿದು ಉಕ್ಕಿನ ಕಂಟೇನರುಗಳು ಬಂದವು. ಅವನ್ನು ಪೇರಿಸಲು ವಿಶಾಲವಾದ ಬಯಲು ಬೇಕು. ವ್ಯವಹಾರ ನದಿಯ ದಕ್ಷಿಣಕ್ಕೆ ಸರಿಯಿತು. ಊರಿನ ಮಗ್ಗುಲಲ್ಲೇ ಇದ್ದ ಧಕ್ಕೆಗಳು ಬರಿದಾದವು. ಅಲ್ಲಿ ನೀರೂ ಸೇರಿ ಸುಮಾರು 157 ಹೆಕ್ಟೇರು ಪ್ರದೇಶದಲ್ಲಿ ‘ಹಾಫೆನ್‌ಸಿಟಿ’ ಎಂಬ ಹೊಸ ಬಡಾವಣೆಯನ್ನು ಕಟ್ಟುವ ನಿರ್ಧಾರವನ್ನು ನಗರವು 1997ರಲ್ಲಿ ಪ್ರಕಟಿಸಿತು.

ಈ ನೆರೆಯಲ್ಲಿ ಹಿಂದೆ ಜನವಸತಿಯಿತ್ತೆಂಬುದನ್ನು ನಾವು ನೆನೆಯಬೇಕು. 1888ರಲ್ಲಿ ತೆರೆದ ಸುಂಕಮುಕ್ತ ಬಂದರಿಗಾಗಿ ಸುಮಾರು 20,000 ಜನರನ್ನು ಒಕ್ಕಲೆಬ್ಬಿಸಿ, ಅವರ ಮನೆಗಳಿದ್ದಲ್ಲಿ ಕೆಂಪು ಇಟ್ಟಿಗೆಯ ಉಗ್ರಾಣಗಳನ್ನು ಎಬ್ಬಿಸಲಾಯಿತು. ಅಲ್ಲಿನ ಒಂದು ಬೀದಿಯ ಹೆಸರು ಕೇರ್‌ವೀಡರ್. ಎಂದರೆ, ‘ಮರಳಿ ಬಾ’.

ಮರಳುವುದು ಸುಲಭವಲ್ಲ. 1962ರ ಫೆಬ್ರವರಿಯಲ್ಲಿ ಬಿರುಗಾಳಿಯು ಸಮುದ್ರವನ್ನು ನದಿಯೊಳಕ್ಕೆ ನೂಕಿದಾಗ ಈ ನಗರದಲ್ಲಿ 300ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಫೆನ್‌ಸಿಟಿ ಇರುವುದು ನಗರದ ಮುಖ್ಯ ಏರಿಯ ಹೊರಗೆ. ಆದ್ದರಿಂದ ಕಟ್ಟಡಗಳನ್ನೂ ರಸ್ತೆಗಳನ್ನೂ ಸಮುದ್ರಮಟ್ಟಕ್ಕಿಂತ ಸುಮಾರು 8 ಮೀಟರ್ ಎತ್ತರದ ದಿಬ್ಬಗಳ ಮೇಲೆ ನಿಲ್ಲಿಸಿದ್ದಾರೆ. ದಡದ ಕಾಲುದಾರಿಗಳು ಹಳೆಯ ಮಟ್ಟದಲ್ಲೇ ಇವೆ. ಪ್ರವಾಹ ಬಂದರೆ ಮುಳುಗುತ್ತವೆ, ಇಳಿದ ಮೇಲೆ ಮತ್ತೆ ಜನ ನಡೆಯುತ್ತಾರೆ.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ನೆಲದ ಒಡೆತನ. ಭೂಮಿಯ ಬಹುಭಾಗ ನಗರದ್ದೇ. ಬಿಲ್ಡರನಿಗೆ ಅದನ್ನು ಒಡನೆ ಮಾರುವುದಿಲ್ಲ. ನಿರ್ದಿಷ್ಟ ಅವಧಿಗೆ ಕಾದಿರಿಸುತ್ತಾರೆ. ಆತನು ನಕ್ಷೆಯನ್ನು ನಗರದೊಡನೆ ಚರ್ಚಿಸಿ, ಅನುಮತಿ ಪಡೆದ ಮೇಲೆಯೇ ಕ್ರಯ. ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಶಾಲೆ, ಕಚೇರಿ ಎಂಬ ಕೂಡುಬಾಳ್ವೆ ಈ ಕರಾರಿನಿಂದ ಸಾಧ್ಯವಾಯಿತು.

ಆದರೂ ಮೊದಲ ಹಂತದ ಮನೆಗಳು ಬಹುಮಟ್ಟಿಗೆ ಸಿರಿವಂತರ ಕೈಗಷ್ಟೇ ಎಟುಕುವಂಥವೆಂಬ ಟೀಕೆ ಬಂತು. ಒಕ್ಕಲೆದ್ದವರಲ್ಲಿ ಬಂದರಿನ ಕೂಲಿಗಳೂ ಇದ್ದರಲ್ಲವೆ? ಬಳಿಕ ಹೊಸ ವಸತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸರ್ಕಾರದ ನೆರವಿನ ಬಾಡಿಗೆಮನೆಗಳಾಗಬೇಕೆಂಬ ನಿಯಮವನ್ನು ತಂದರು. ಮಾರದೆ ಉಳಿದ ನೆಲ ಇನ್ನೂ ನಗರದ ಕೈಯಲ್ಲಿದ್ದುದರಿಂದಲೇ ಆ ತಿದ್ದುಪಡಿಗೆ ಅವಕಾಶವಾಯಿತು. ಎಲ್ಲವನ್ನೂ ಮೊದಲೇ ಹರಾಜು ಹಾಕಿದ ಊರಿಗೆ ಟೀಕೆ ಕೇಳಿಸಬಹುದು. ಉತ್ತರ ಕೊಡಲು ಜಾಗವಿರುವುದಿಲ್ಲ.