ಬೇಸಿಗೆಗೆಂದು ಕಟ್ಟಿದ ಮನೆ

ಜಪಾನಿಗೆ ಹೋಗುವುದಾದರೆ ಏಪ್ರಿಲ್‌ನಲ್ಲಿ ಚೆರ್ರಿ ಹೂವಿನ ಹೊತ್ತಿಗೆ ಹೋಗಿ, ಇಲ್ಲವೇ ನವೆಂಬರಿನಲ್ಲಿ ಮೇಪಲ್ ಕೆಂಪಾದಾಗ ಹೋಗಿ, ಆಗಸ್ಟ್ ಮಾತ್ರ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಯೊಕೊಹಾಮದಲ್ಲಿ ಕೆಲಸಕ್ಕಿರುವ ನಮ್ಮ ಮಗಳಿಗೆ ನಾಲ್ಕು ದಿನ ಒಟ್ಟಿಗೆ ರಜೆ ಸಿಗುವುದೇ ಆಗಸ್ಟ್ ನಡುವಿನ ಒಬೊನ್ ಹಬ್ಬಕ್ಕೆ. ಹಾಗಾಗಿ ನಮಗೆ ಆಯ್ಕೆ ಇರಲಿಲ್ಲ. ಈಗ ಯಾರಾದರೂ ಕೇಳಿದರೆ ಆಗಸ್ಟಿನಲ್ಲೇ ಹೋಗಿ ಎನ್ನುತ್ತೇನೆ, ಆದರೆ ಯಾರದಾದರೂ ಮನೆಯಲ್ಲಿ ಇಳಿದುಕೊಳ್ಳಿ. ಹೋಟೆಲಿನ ಎಸಿ ಕೋಣೆಯಲ್ಲಿ ಕೂತವರಿಗೆ ಊರು ಯಾವುದಾದರೇನು!

ಸೆಕೆಯೇನೂ ಸುಳ್ಳಲ್ಲ. ನಾವು ಇಳಿದುಕೊಂಡಿದ್ದ ಕ್ಯೋಟೊಗೆ ಮೂರು ಕಡೆಯೂ ಬೆಟ್ಟ. ಬೇಸಿಗೆಯಲ್ಲಿ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ. 2018ರ ಜುಲೈ 19ರಂದು ಅಲ್ಲಿ 39.8 ಡಿಗ್ರಿ ಆಗಿತ್ತು. 2021ರಿಂದ ಇಡೀ ದೇಶದಲ್ಲಿ ಶಾಖಾಘಾತದ ಮುನ್ನೆಚ್ಚರಿಕೆ ಕೊಡುವ ಏರ್ಪಾಡಾಗಿದೆ. ಬೆಳಗ್ಗೆ ಟಿವಿಯಲ್ಲಿ ಅದು ಬಂತೆಂದರೆ ನಮ್ಮ ಮನೆಯೊಡತಿ ನಮ್ಮನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಅವರನ್ನು ನಾವು ಓಕಾಸಾನ್, ಅಂದರೆ ಅಮ್ಮ ಎಂದೇ ಕರೆದೆವು. ಮನೆಯಲ್ಲಿ ಉಳಿಯುವ ಅತಿಥಿಗಳು ಹಾಗೆ ಕರೆಯುವುದು ಅಲ್ಲಿ ರೂಢಿ. ವಯಸ್ಸಿನಲ್ಲಿ ನಾನೇ ದೊಡ್ಡವಳಿದ್ದರೂ ಇರಬಹುದು.

ಅವರದು ಮಾಚಿಯಾ, ಅಂದರೆ ಹಳೆಯ ಮರದ ಪೇಟೆಮನೆ. ಬೀದಿಗೆ ಮುಖ ಕಿರಿದು, ಒಳಗೆ ಉದ್ದವೋ ಉದ್ದ. ನಡುವೆ ಆಕಾಶಕ್ಕೆ ತೆರೆದ ಪುಟ್ಟ ಅಂಗಳ, ಹಿಂದೆ ಇನ್ನೊಂದು ತೋಟ. ಮಲೆನಾಡಿನ ತೊಟ್ಟಿಮನೆಯಲ್ಲಿ ಬೆಳೆದ ನನಗೆ ಅದು ಥಟ್ಟನೆ ಪರಿಚಿತವೆನಿಸಿತು; ಆದರೆ ಇಲ್ಲಿನ ತೊಟ್ಟಿಯಲ್ಲಿ ಅಡಿಕೆ ಒಣಗಿಸಲು ಜಾಗವಿಲ್ಲ, ಒಂದು ಕಲ್ಲುದೀಪ ಮತ್ತು ಪಾಚಿಗಷ್ಟೇ ಜಾಗ. ಜೂನ್ ಬಂತೆಂದರೆ ಕಾಗದ ಅಂಟಿಸಿದ ಜಾರುಬಾಗಿಲುಗಳನ್ನು ಕಳಚಿ ಅಟ್ಟಕ್ಕೆ ಸೇರಿಸಿ, ಜೊಂಡಿನ ಕಡ್ಡಿ ಹೆಣೆದ ಬಾಗಿಲುಗಳನ್ನು ಕೂರಿಸುತ್ತಾರೆ. ತತಾಮಿ ಚಾಪೆಯ ಮೇಲೆ ಬೆತ್ತದ ಹಾಸು ಬೀಳುತ್ತದೆ. ಸಂಜೆ ಓಕಾಸಾನ್ ಒಂದು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ನೀರು ಬಿದ್ದ ಕಡೆ ತಂಪು, ಇನ್ನೊಂದು ಕಡೆ ಬಿಸಿ. ಆ ವ್ಯತ್ಯಾಸಕ್ಕೆ ಮನೆಯೊಳಗೆ ಗಾಳಿ ಹರಿಯತೊಡಗುತ್ತದೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನಾನು ಕಡಲಗಾಳಿ ನೆಲಗಾಳಿಯ ಚಿತ್ರ ಬರೆದದ್ದೇ ಬರೆದದ್ದು. ಮನೆಯೊಳಗೆ ಅದನ್ನು ಬೀಸುವಂತೆ ಮಾಡಬಹುದೆಂದು ಹೊಳೆದಿರಲಿಲ್ಲ. ಮನೆ ಕಟ್ಟುವಾಗ ಬೇಸಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಚಳಿಗಾಲ ಹೇಗೋ ಕಳೆಯುತ್ತದೆ ಎಂಬ ಮಾತು ಹದಿನಾಲ್ಕನೇ ಶತಮಾನದ ಯೊಶಿದಾ ಕೆಂಕೊ ಎಂಬ ಸನ್ಯಾಸಿಯ ಬರಹದಲ್ಲೇ ಇದೆ. ಹಾಗೆಂದು ಎಲ್ಲವೂ ಗಾಳಿಯ ಮೇಲೆ ನಡೆಯುವುದಿಲ್ಲ. ರಾತ್ರಿ ಮಲಗುವ ಕೋಣೆಯಲ್ಲಿ ಎಸಿ ಓಡುತ್ತಿತ್ತು.

ಅಂಗಳದ ಅಂಚಿನಲ್ಲಿ ಪಿಂಗಾಣಿ ಹಂದಿಯೊಂದರ ಹೊಟ್ಟೆಯೊಳಗೆ ಸೊಳ್ಳೆಬತ್ತಿ ಉರಿಯುತ್ತಿತ್ತು. ನಾವು ದಿನಾ ಹಚ್ಚುವ ಈ ಸುರುಳಿ ಜಪಾನಿನದೇ ಸೃಷ್ಟಿ. ಉಎಯಾಮಾ ಎಂಬ ವ್ಯಾಪಾರಿ ಮೊದಲು ಊದುಬತ್ತಿಯಂತೆ ಕಡ್ಡಿ ಮಾಡಿ ಮಾರುತ್ತಿದ್ದ, ಅದು ಬೇಗ ಉರಿದು ಮುಗಿಯುತ್ತಿತ್ತು. ಸುತ್ತಿ ಮಾಡಿ ಎಂದವಳು ಹೆಂಡತಿ. 1902ರಲ್ಲಿ ಸುರುಳಿ ಮಾರುಕಟ್ಟೆಗೆ ಬಂತು. ಲಾಭ ಯಾರ ಹೆಸರಿಗೆ ಹೋಯಿತೆಂದು ಕೇಳಬೇಡಿ.

ಸ್ನಾನದ ಕಟ್ಟಳೆಯನ್ನು ಮೊದಲೇ ತಿಳಿದಿರಬೇಕು. ತೊಟ್ಟಿಯ ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆಯೇ ಬಿಸಿನೀರಿಗೆ ಇಳಿಯುವುದು. ಅತಿಥಿಗೆ ಮೊದಲ ಸರದಿ. ಅದೇ ನೀರಿಗೆ ಆಮೇಲೆ ಮನೆಮಂದಿಯೆಲ್ಲ. ಎದ್ದವರು ಬಿರಡೆ ತೆಗೆಯದೆ ಮುಚ್ಚಳ ಮುಚ್ಚಿ ಬರಬೇಕು. ಉಳಿದ ನೀರನ್ನು ಮರುದಿನ ಪೈಪಿನಲ್ಲಿ ವಾಷಿಂಗ್ ಮೆಷಿನ್ನಿಗೆ ಎಳೆಯುತ್ತಾರೆ. ಮಡಿಯವರಾದ ನಮ್ಮವರು ಇದನ್ನು ಕೇಳಿ ಎರಡು ದಿನ ಷವರಿಗೇ ನಿಂತರು.

ಸಸ್ಯಾಹಾರಿಗಳಿಗೆ ನಿಜವಾದ ತೊಡಕು ಕಣ್ಣಿಗೆ ಕಾಣುವ ಮೀನಲ್ಲ, ಕಾಣದ ಮೀನು. ಬೊನಿಟೊ ಮೀನನ್ನು ಒಣಗಿಸಿ ಹೆರೆದು ತೆಗೆದ ದಾಶಿ ಎಂಬ ಸಾರು ಅಲ್ಲಿ ಸೂಪಿಗೂ ಪಲ್ಯಕ್ಕೂ ಬೀಳುತ್ತದೆ. ಬರುವ ಮೊದಲೇ ಮಗಳು ಇದನ್ನು ಬರೆದು ತಿಳಿಸಿದ್ದಳು. ಓಕಾಸಾನ್ ಬೌದ್ಧ ಮಠಗಳ ಅಡುಗೆಯ ಕ್ರಮ ಹಿಡಿದು ಕೊಂಬು ಎಂಬ ಕಡಲಸಸ್ಯವನ್ನೂ ಒಣ ಅಣಬೆಯನ್ನೂ ರಾತ್ರಿ ನೆನೆಹಾಕಿ ಸಾರು ಮಾಡಿದರು. ಐಸಿನ ಮೇಲೆ ಹರಡಿದ ಎಳೆಶಾವಿಗೆಯಂಥ ಸೋಮೆನ್ ಅದ್ದಿ ತಿನ್ನಲು ಸೊಗಸಾಗಿತ್ತು. ಹುರಿದ ಬಾರ್ಲಿಯ ತಣ್ಣನೆ ಚಹಾ ದಿನವಿಡೀ. ಬೆಂಡೆಕಾಯಿಯನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿ, ಲೋಳೆ ಸಮೇತ ಬಟ್ಟಲಿಗೆ ಹಾಕಿದರು. ಲೋಳೆಯೇ ಅದರ ರುಚಿ ಅಂತೆ. ನಾನು ಒಪ್ಪಿಲ್ಲ.

ಒಬೊನ್ ಎಂದರೆ ತೀರಿಹೋದ ಹಿರಿಯರು ಮನೆಗೆ ಬಂದುಹೋಗುವ ದಿನಗಳು. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಸತ್ತ ತಾಯಿಯನ್ನು ಸಂಕಟದಿಂದ ಬಿಡಿಸಿದ ಕಥೆಯೇ ಇದರ ಬೇರು. ಓಕಾಸಾನ್ ಆ ಮೊದಲೇ ರೊಕುದೊ ಚಿನ್ನೊಜಿ ದೇವಾಲಯದ ಸಾಲಿನಲ್ಲಿ ನಿಂತು, ಹಗ್ಗ ಎಳೆದು ಗಂಟೆ ಬಾರಿಸಿ ಗಂಡನನ್ನು ಕರೆದು ಬಂದಿದ್ದರು. 16ರ ರಾತ್ರಿ ಎಂಟಕ್ಕೆ ಸುತ್ತಲ ಐದು ಬೆಟ್ಟಗಳಲ್ಲಿ ಬೆಂಕಿ ಹಚ್ಚಿ ಹಿರಿಯರನ್ನು ಬೀಳ್ಕೊಡುತ್ತಾರೆ. ಮೊದಲ ಬೆಟ್ಟದಲ್ಲಿ ಬೆಂಕಿಯಿಂದ ಮೂಡುವ ಅಕ್ಷರದ ಒಂದು ಗೆರೆಯೇ 160 ಮೀಟರ್ ಉದ್ದ. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಕೈಮುಗಿದು ನಿಂತಿದ್ದ ಓಕಾಸಾನ್ ಮನೆಗೆ ಬಂದವರೇ ನಾಳೆ ಕಸದ ದಿನ ಎಂದು ಹಳದಿ ಚೀಲ ಕಟ್ಟತೊಡಗಿದರು.

ಇಂಥ ಮನೆ ಹುಡುಕುವುದು ಹೇಗೆ? 2018ರ ಜೂನ್ 15ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಮನೆಯನ್ನು ಅತಿಥಿಗಳಿಗೆ ಕೊಡುವವರು ನೋಂದಾಯಿಸಿಕೊಳ್ಳಬೇಕು, ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ಕೊಡುವಂತಿಲ್ಲ, ಬಾಗಿಲಲ್ಲಿ ಫಲಕ ಇರಬೇಕು. ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಗಾಬರಿ ಬೇಡ, ಅದೂ ನಿಯಮವೇ. ಮನೆಯವರು ಅಲ್ಲೇ ವಾಸವಿದ್ದಾರೆಯೇ ಎಂದು ಕೇಳಿ ನೋಡಿ; ಎಷ್ಟೋ ಕಡೆ ಬೀಗದ ಸಂಖ್ಯೆಯಷ್ಟೇ ಕಳಿಸುತ್ತಾರೆ. ಒಸಾಕಾದಲ್ಲಿ ನಮಗೆ ಸಿಕ್ಕಿದ್ದು ಅಂಥ ಫ್ಲ್ಯಾಟು. ಅಲ್ಲಿ ಕಿವಿಗಡಚಿಕ್ಕುವ ಜೀರುಂಡೆ ಬಿಟ್ಟರೆ ಮಾತಾಡುವವರಿಲ್ಲ. ಹಣವಿಲ್ಲದೆ ಅತಿಥಿಯಾಗುವ ದಾರಿಯೂ ಇದೆ: 1949ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಸರ್ವಾಸ್ ಬಳಗದವರು ಸದಸ್ಯರನ್ನು ಸಾಮಾನ್ಯವಾಗಿ ಎರಡು ರಾತ್ರಿ ಮನೆಗೆ ಕರೆದುಕೊಳ್ಳುತ್ತಾರೆ.

ಒಬೊನ್ ದಿನಗಳಲ್ಲಿ ನೊಜೊಮಿ ಎಂಬ ಬುಲೆಟ್ ರೈಲುಗಳಿಗೆ ಕಾದಿರಿಸದ ಬೋಗಿಯೇ ಇರುವುದಿಲ್ಲ, ಟಿಕೆಟ್ ಬೇಗ ಮಾಡಿಸಿ. ದೊಡ್ಡ ಸೂಟ್‌ಕೇಸನ್ನು ಕೊರಿಯರಿನಲ್ಲಿ ಮುಂದಿನ ಊರಿಗೆ ಕಳಿಸಿಬಿಡಿ. ತತಾಮಿಯ ಮೇಲೆ ಚಕ್ರ ಉರುಳಿಸುವಂತಿಲ್ಲ, ಮಾಚಿಯಾದ ಏಣಿಮೆಟ್ಟಿಲಲ್ಲಿ ಅದನ್ನು ಹೊತ್ತು ಹತ್ತುವುದಂತೂ ನಮ್ಮ ವಯಸ್ಸಿಗೆ ಆಗುವ ಮಾತಲ್ಲ.