ಹಾರಿಸಿ ನೋಡಿದವರೇ ಖರೀದಿಗೆ ಕುಳಿತಾಗ

ಮಾಧವರಂ: ಮನೆಗೊಂದು ಮಿಕ್ಸಿ ಕೊಳ್ಳುವಾಗಲೂ ನಾವು ನಾಲ್ಕು ಅಂಗಡಿ ಅಲೆಯುತ್ತೇವೆ. ದಿನವೂ ಅದನ್ನು ಬಳಸುವವರನ್ನು ಕೇಳದೆ ತಂದರೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಹಾಗಿದ್ದರೆ ಸಾವಿರಾರು ಕೋಟಿ ರೂಪಾಯಿಯ ಯುದ್ಧವಿಮಾನ ಕೊಳ್ಳುವಾಗ ಅದನ್ನು ಹಾರಿಸುವವರ ಮಾತಿಗೆ ಎಷ್ಟು ಬೆಲೆ? ಈ ಪ್ರಶ್ನೆಗೆ ಏರ್ ಚೀಫ್ ಮಾರ್ಷಲ್ ರಾಕೇಶ್ ಕುಮಾರ್ ಸಿಂಗ್ ಭದೌರಿಯಾ ಅವರ ವೃತ್ತಿಜೀವನ ಒಳ್ಳೆಯ ಉದಾಹರಣೆ.

ಅವರು ಕನ್ನಡಿಗರಲ್ಲ. 1959ರಲ್ಲಿ ಜನಿಸಿದ ಅವರದು ಉತ್ತರ ಪ್ರದೇಶದ ಆಗ್ರಾ ಜಿಲ್ಲೆ. ತಂದೆಯೂ ವಾಯುಪಡೆಯಲ್ಲಿದ್ದವರು. 1980ರ ಜೂನ್‌ನಲ್ಲಿ ತಮ್ಮ ತಂಡದ ಶ್ರೇಷ್ಠ ಕೆಡೆಟ್‌ಗೆ ಸಿಗುವ ಗೌರವ ಖಡ್ಗ ಪಡೆದು ಸೇವೆಗೆ ಸೇರಿದರು. ಜಾಗ್ವಾರ್ ಸ್ಕ್ವಾಡ್ರನ್‌ ಮುನ್ನಡೆಸಿದರು, ಉನ್ನತ ದರ್ಜೆಯ ಹಾರಾಟ ಬೋಧಕರಾದರು. ಇಂಥ ಬೋಧಕರನ್ನು ತಯಾರಿಸುವ ವಾಯುಪಡೆಯ ಶಾಲೆ ಇರುವುದು ನಮ್ಮ ಊರಿನ ಇನ್ನೊಂದು ತುದಿಯ ತಾಂಬರಂನಲ್ಲಿಯೇ. ಒಟ್ಟು 26 ಬಗೆಯ ವಿಮಾನಗಳಲ್ಲಿ 4,250 ಗಂಟೆಗೂ ಹೆಚ್ಚು ಕಾಲ ಹಾರಿದ ಅನುಭವ ಅವರದು.

ಆದರೆ ಅವರ ವೃತ್ತಿಗೆ ತಿರುವು ಕೊಟ್ಟದ್ದು ಬೆಂಗಳೂರು. ಅಲ್ಲಿಯ ರಾಷ್ಟ್ರೀಯ ಹಾರಾಟ ಪರೀಕ್ಷಾ ಕೇಂದ್ರದಲ್ಲಿ, ಮುಂದೆ 'ತೇಜಸ್' ಎಂದು ಹೆಸರಾದ ಲಘು ಯುದ್ಧವಿಮಾನಕ್ಕೆ ಅವರು ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದರು. ಈ ವಿಮಾನ ಮೊದಲ ಬಾರಿ ಹಾರಿದ್ದು 2001ರ ಜನವರಿ 4ರಂದು, ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರ ಕೈಯಲ್ಲಿ. ನಂತರದ ಮೂಲ ಮಾದರಿಗಳ ಪರೀಕ್ಷೆಯಲ್ಲಿ ಭದೌರಿಯಾ ಅವರ ಪಾತ್ರ ದೊಡ್ಡದು. ಪರೀಕ್ಷಾ ಪೈಲಟ್ ಎಂದರೆ ಸಾಹಸ ಪ್ರದರ್ಶಿಸುವವರಲ್ಲ. ವಿಮಾನ ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ಕಡಿದಾದ ತಿರುವು ತಾಳುತ್ತದೆ ಎಂದು ಹಂತ ಹಂತವಾಗಿ ನೋಡಿ, ಇಳಿದ ಮೇಲೆ ಇಂಜಿನಿಯರುಗಳ ಎದುರು ಕುಳಿತು ಕಂಡ ದೋಷವನ್ನೆಲ್ಲ ಬರೆಸುವವರು.

ಈ ಅನುಭವ ಹೊತ್ತು ಅವರು ಖರೀದಿಯ ಮೇಜಿಗೆ ಬಂದದ್ದು 2016ರಲ್ಲಿ, ವಾಯುಪಡೆಯ ಉಪಮುಖ್ಯಸ್ಥರಾದಾಗ. ಫ್ರಾನ್ಸ್‌ನಿಂದ 36 ರಫೇಲ್ ಕೊಳ್ಳುವ ಮಾತುಕತೆಯ ಭಾರತೀಯ ತಂಡಕ್ಕೆ ಅವರೇ ಅಧ್ಯಕ್ಷರು. ಆ ವರ್ಷ ಸೆಪ್ಟೆಂಬರ್ 23ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮೊತ್ತ 787 ಕೋಟಿ ಯೂರೋ, ಅಂದರೆ ಸುಮಾರು 59 ಸಾವಿರ ಕೋಟಿ ರೂಪಾಯಿ.

ಈ ವ್ಯವಹಾರ ಎಷ್ಟು ವಿವಾದವಾಯಿತೆಂಬುದು ಓದುಗರಿಗೆ ಗೊತ್ತೇ ಇದೆ. ತನಿಖೆ ಕೋರಿದ ಅರ್ಜಿಗಳನ್ನು 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಮರುಪರಿಶೀಲನಾ ಅರ್ಜಿಗಳೂ 2019ರ ನವೆಂಬರ್‌ನಲ್ಲಿ ತಿರಸ್ಕೃತವಾದವು. 2019ರ ಫೆಬ್ರವರಿಯಲ್ಲಿ ಮಹಾಲೇಖಪಾಲರ ವರದಿ, ಹಿಂದಿನ ಕೊಡುಗೆಗಿಂತ ಇದು ಶೇ. 2.86ರಷ್ಟು ಅಗ್ಗ ಎಂದಿತು. ಅದೇ ದಿನಗಳಲ್ಲಿ ನಮ್ಮ ಚೆನ್ನೈನ 'ದಿ ಹಿಂದೂ' ಪತ್ರಿಕೆ, ಮಾತುಕತೆ ತಂಡದ ಏಳು ಮಂದಿಯಲ್ಲಿ ಮೂವರು ಬರೆದಿದ್ದ ಭಿನ್ನಮತದ ಟಿಪ್ಪಣಿಯನ್ನು ಪ್ರಕಟಿಸಿತು.

ಬ್ಯಾಂಕಿನಲ್ಲಿ ಸಾಲದ ಕಡತ ಮುಂದಕ್ಕೆ ಕಳಿಸುವ ನನ್ನಂಥವನಿಗೆ ಇದರಲ್ಲೊಂದು ಪಾಠ ಕಾಣುತ್ತದೆ. ಸಹಿ ಹಾಕಿದವರ ಹೆಸರು ಕಡತದಲ್ಲಿ ಉಳಿಯುತ್ತದೆ; ಒಪ್ಪದವರ ಟಿಪ್ಪಣಿಯೂ ಉಳಿಯಬೇಕು. ವಿಮಾನ ಬಲ್ಲವರು ಮೇಜಿನಲ್ಲಿರಬೇಕು, ಲೆಕ್ಕ ಬಲ್ಲವರೂ ಇರಬೇಕು. ಒಬ್ಬರ ಮಾತು ಇನ್ನೊಬ್ಬರನ್ನು ಮುಚ್ಚಬಾರದು.

2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಹಸ್ತಾಂತರಿಸಿದ ಮೊದಲ ರಫೇಲ್‌ನ ಬಾಲದ ಮೇಲೆ 'ಆರ್‌ಬಿ' ಎಂಬ ಅಕ್ಷರಗಳಿದ್ದವು. ಅದು ಭದೌರಿಯಾ ಅವರಿಗೆ ಸಂದ ಗೌರವ. ಆ ಹೊತ್ತಿಗೆ ಅವರು ಬೆಂಗಳೂರಿನ ತರಬೇತಿ ಕಮಾಂಡ್ ಮುಖ್ಯಸ್ಥರಾಗಿ ಕೆಲಸ ಮಾಡಿ, ಇಡೀ ವಾಯುಪಡೆಯ ಮುಖ್ಯಸ್ಥರಾಗಿದ್ದರು.

ಮೊದಲು ಪರೀಕ್ಷಿಸಿದ ತೇಜಸ್ ಅವರನ್ನು ಮತ್ತೆ ಎದುರುಗೊಂಡಿತು. 2020ರ ಮೇ 27ರಂದು ಕೊಯಮತ್ತೂರು ಬಳಿಯ ಸೂಲೂರಿನಲ್ಲಿ ಎರಡನೆಯ ತೇಜಸ್ ಸ್ಕ್ವಾಡ್ರನ್‌ಗೆ ಚಾಲನೆ ಕೊಟ್ಟ ದಿನ ಅವರೇ ತೇಜಸ್ ಏರಿ ಹಾರಿದರು. 2021ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್ ವಿಮಾನಗಳಿಗೆ ಎಚ್‌ಎಎಲ್ ಜೊತೆ ಸುಮಾರು 48 ಸಾವಿರ ಕೋಟಿಯ ಒಪ್ಪಂದವಾಯಿತು. ಮೊದಲನೆಯದು 2024ರ ಮಾರ್ಚ್ ಒಳಗೆ ಬರಬೇಕಿತ್ತು. ಅಮೆರಿಕದ ಎಂಜಿನ್ ಬರುವುದು ತಡವಾಗಿದ್ದೂ ಸೇರಿ ಗಡುವು ಮೀರಿತು. ಸಹಿಯಾದ ಮಾತ್ರಕ್ಕೆ ಸಾಮಾನು ಮನೆಗೆ ಬಂದಂತಲ್ಲ.

2021ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದ ಭದೌರಿಯಾ ಅವರು 2024ರಲ್ಲಿ ಬಿಜೆಪಿ ಸೇರಿದರು. ರಾಜಕೀಯದ ಬಗ್ಗೆ ನಮ್ಮ ಸಂಘದ ಸದಸ್ಯರಲ್ಲಿ ಬೇರೆ ಬೇರೆ ಅಭಿಪ್ರಾಯವಿರಬಹುದು. ಮಕ್ಕಳ ಭವಿಷ್ಯ ಯೋಚಿಸುವ ತಂದೆತಾಯಿಯರಿಗೆ ಮಾತ್ರ ಒಂದು ಮಾತು. ವಾಯುಪಡೆಯೆಂದರೆ ಹಾರಾಟವಷ್ಟೇ ಅಲ್ಲ. ಪದವಿಯಲ್ಲಿ ಶೇ. 60 ಅಂಕವಿರುವ ಬಿ.ಕಾಂ. ಓದಿದ ಮಕ್ಕಳೂ ಲೆಕ್ಕಪತ್ರ ಹಾಗೂ ಸರಬರಾಜು ಶಾಖೆಗಳಿಗೆ ಪರೀಕ್ಷೆ ಬರೆಯಬಹುದು. ನಮ್ಮ ಮಕ್ಕಳಲ್ಲಿ ಒಬ್ಬರಾದರೂ ನಾಳೆ ಅಂಥದೊಂದು ಕಡತದ ಮುಂದೆ ಕೂರಲಿ. ಸಹಿ ಹಾಕುವ ಮುನ್ನ ಹಾರಿಸುವವರನ್ನೊಮ್ಮೆ ಕೇಳಲಿ.