ಮಳೆ ಬಂದರೂ ಹರಿಯದ ಅರ್ಕಾವತಿ

ಹೊಳೆ ಬತ್ತಿದರೆ ಮೊದಲ ಬೈಗುಳ ಮಳೆರಾಯನಿಗೆ. ನಂದಿ ಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ ತುಂಬಿಸಿ, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಯ ವಿಷಯದಲ್ಲೂ ಹಾಗೇ ಆಯಿತು. 1894ರಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಡಲು ಹೆಸರಘಟ್ಟವನ್ನು ಆರಿಸಿಕೊಂಡಾಗ ಇದು ನಂಬಬಹುದಾದ ಹೊಳೆಯಾಗಿತ್ತು. 1925ರ ಬರಕ್ಕೆ ಆ ಕೆರೆ ಒಣಗಿತು. ಅದು ನಿಜಕ್ಕೂ ಆಕಾಶದ ತಪ್ಪೇ. ಆದರೆ ಆಗಿನವರು ಹೊಳೆಯ ಮೇಲಿನ ನಂಬಿಕೆ ಬಿಡಲಿಲ್ಲ. ವಿಶ್ವೇಶ್ವರಯ್ಯನವರ ಮುಂದಾಳತ್ವದ ಸಮಿತಿಯ ಸಲಹೆಯಂತೆ ಅದೇ ಹೊಳೆಗೆ ಇನ್ನಷ್ಟು ಕೆಳಗೆ ಕಟ್ಟೆ ಕಟ್ಟಿದರು. 1933ರ ಆ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಬೆಂಗಳೂರಿನ ದಾಹ ತೀರಿಸಿ, 2012ರ ಹೊತ್ತಿಗೆ ನಗರಕ್ಕೆ ನೀರು ಕೊಡುವುದನ್ನೇ ನಿಲ್ಲಿಸಿತು. 1925ರಲ್ಲಿ ಹೋದ ನೀರು ಮಳೆಯ ಜೊತೆ ಮರಳಿ ಬಂದಿತ್ತು, ಈ ಸಲ ಹೋದದ್ದು ಬರಲಿಲ್ಲ. ನನ್ನ ಅನುಮಾನ ಶುರುವಾಗುವುದು ಈ ವ್ಯತ್ಯಾಸದಿಂದ.

ಒಂದು ಸರಳ ಲೆಕ್ಕ ಹಾಕಿ ನೋಡೋಣ. ಜಲಾಶಯದ ಜಲಾನಯನ ಪ್ರದೇಶ ಸುಮಾರು 1,400 ಚದರ ಕಿಲೋಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ ಅಲ್ಲಿ ಬೀಳುವ ನೀರು 40 ಟಿಎಂಸಿಯ ಹತ್ತಿರ. ಕಟ್ಟೆ ಹಿಡಿಯುವುದು ಸುಮಾರು 3 ಟಿಎಂಸಿ. ಅಂದರೆ ಬಿದ್ದ ನೂರು ಕೊಡದಲ್ಲಿ ಏಳೆಂಟು ಕೊಡ ಹರಿದು ಬಂದರೂ ಕಟ್ಟೆ ತುಂಬಬೇಕು. ಅಷ್ಟೂ ಬರುತ್ತಿಲ್ಲವೆಂದರೆ ಮಳೆಯಷ್ಟೇ ಅಲ್ಲ, ಮಳೆ ಬಿದ್ದ ನೆಲವೂ ವಿಚಾರಣೆಗೆ ಬರಬೇಕು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತು. ಹೊಳೆಯ ಹರಿವು ಕುಸಿದಿರುವ ಪ್ರಮಾಣಕ್ಕೆ ಮಳೆಯಲ್ಲಾಗಲಿ ಉಷ್ಣಾಂಶದಲ್ಲಾಗಲಿ ಆಗಿರುವ ಬದಲಾವಣೆ ಸಾಲದು, ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ತೋಪುಗಳೇ ಮುಖ್ಯ ಕಾರಣವಿರಬೇಕು ಎಂದಿತು.

ಇದು ಆದದ್ದು ಹೇಗೆ? ಹೊಳೆ ಎಂದರೆ ಮಳೆ ಬಂದ ದಿನದ ಕೆಂಪು ಪ್ರವಾಹ ಮಾತ್ರವಲ್ಲ. ಮಳೆಗಾಲ ಮುಗಿದ ಮೇಲೂ ಎರಡೂ ದಡಗಳ ನೆಲ ತನ್ನ ಒಡಲಲ್ಲಿಟ್ಟುಕೊಂಡ ನೀರನ್ನು ಒರತೆಯಾಗಿ ಬಿಡುತ್ತ ಹೋಗುತ್ತದೆ. ಬಾವಿಗೆ ಕಪಿಲೆ ಹೂಡುತ್ತಿದ್ದ ಕಾಲದಲ್ಲಿ ಎತ್ತುಗಳ ದಣಿವೇ ನೀರೆತ್ತುವುದಕ್ಕೊಂದು ಮಿತಿ. ಪಂಪ್‌ಸೆಟ್ಟು ಆ ಮಿತಿಯನ್ನು ಕಳಚಿತು, ಬೋರ್‌ವೆಲ್ಲು ಆಳದ ಹಂಗನ್ನೂ ತೆಗೆದುಹಾಕಿತು, ಮೀಟರಿಲ್ಲದ ಕರೆಂಟು ಖರ್ಚಿನ ಅಂಜಿಕೆಯನ್ನೂ ಬಿಡಿಸಿತು. ರಾಗಿಯ ಖುಷ್ಕಿ ಹೊಲಗಳಲ್ಲಿ ದ್ರಾಕ್ಷಿ, ತರಕಾರಿ, ಹೂವು ಬಂದವು. ಪಕ್ಕದಲ್ಲೇ ಬೆಂಗಳೂರಿನ ಮಾರುಕಟ್ಟೆ ಇರುವಾಗ ರೈತನ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಕಷ್ಟ. ಇತ್ತ ಕೂಲಿಯಾಳು ಸಿಗದವರು, ಪಟ್ಟಣ ಸೇರಿದವರು ನೀಲಗಿರಿ ನೆಟ್ಟರು. ಉಳುವ, ಕಳೆ ಕೀಳುವ, ಕಾಯುವ ರಗಳೆಯಿಲ್ಲದ ಬೆಳೆ ಅದು, ಮೇಲಾಗಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸರ್ಕಾರವೇ ಹುರಿದುಂಬಿಸಿತ್ತು. (ಈ ಮರ ಟಿಪ್ಪುವಿನ ಕಾಲದಲ್ಲಿ ಮೊದಲು ಬೇರೂರಿದ್ದು ನಂದಿಯಲ್ಲೇ ಎಂದು ಹೇಳುವುದುಂಟು. ಹೊಳೆಯ ತವರೂ ಅದೇ!) ರಾಗಿ ನಾಲ್ಕೈದು ತಿಂಗಳು ನೀರು ಕುಡಿದು ಸುಮ್ಮನಾಗುತ್ತದೆ, ನೀಲಗಿರಿ ವರ್ಷವಿಡೀ ಕುಡಿಯುತ್ತದೆ. ಒಣಗಿದ ನೆಲ ಹೊಳೆಗೆ ಕೊಡುವುದಿರಲಿ, ಹೊಳೆಗೆ ಬಂದ ನೀರನ್ನೂ ಹೀರಿಕೊಳ್ಳತೊಡಗಿತು.

ಹವಾಮಾನ ಬದಲಾವಣೆಯನ್ನು ಹೀಗೆ ಬದಿಗೆ ಸರಿಸಬಹುದೇ ಎಂದು ಕೇಳಬಹುದು. ಬದಿಗೆ ಸರಿಸುವ ಮಾತಲ್ಲ. ಮಳೆ ಈಗ ಕಡಿಮೆ ದಿನಗಳಲ್ಲಿ ರಭಸವಾಗಿ ಸುರಿಯುತ್ತದೆ ಎನ್ನುವವರ ವಾದವನ್ನೇ ಒಪ್ಪೋಣ. ರಭಸದ ಮಳೆ ಇಂಗುವುದಕ್ಕಿಂತ ಹರಿಯುವುದೇ ಹೆಚ್ಚು. ಹಾಗಿದ್ದರೆ ಕಟ್ಟೆಗೆ ಬರುವ ನೀರು ಹೆಚ್ಚಬೇಕಿತ್ತು, ಕುಸಿಯಬಾರದಿತ್ತು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು: 2022ರಲ್ಲಿ ಹೆಸರಘಟ್ಟ ತುಂಬಿ ಕೋಡಿ ಬಿತ್ತಲ್ಲ, ಮಳೆ ಬಂದರೆ ಹೊಳೆಯೂ ಬರುತ್ತದೆ ಎಂದಾಯಿತಲ್ಲವೇ? ಆ ವರ್ಷ ಬೆಂಗಳೂರಿನಲ್ಲಿ ಬಿದ್ದದ್ದು ವಾಡಿಕೆಯ ದುಪ್ಪಟ್ಟಿಗೆ ಹತ್ತಿರದ ದಾಖಲೆ ಮಳೆ. ಹಿಂದೆ ಸಾಧಾರಣ ವರ್ಷಗಳಲ್ಲೂ ಬರುತ್ತಿದ್ದ ಹೊಳೆಯನ್ನು ಕರೆತರಲು ಈಗ ಅಂಥ ಮಳೆ ಬೇಕಾಗಿದೆಯೆಂದರೆ, ನೆಲದ ದಾಹ ಎಷ್ಟು ಬೆಳೆದಿದೆ ಎಂಬುದಕ್ಕೇ ಅದು ಸಾಕ್ಷಿ. ಕಾಲುವೆ ಒತ್ತುವರಿಯೇ ಕಾರಣ ಎನ್ನುವವರಿಗೂ ಇದೇ ಉತ್ತರ: ದಾರಿ ತೆರವು ಮಾಡಬೇಕಾದದ್ದೇ, ಆದರೆ ದಾರಿ ಬಿಡಿಸಿದ ಮಾತ್ರಕ್ಕೆ ಒರತೆ ಏಳುವುದಿಲ್ಲ.

ಆಕಾಶವನ್ನು ದೂರುವುದರಲ್ಲಿ ಒಂದು ಅನುಕೂಲವಿದೆ, ಅಲ್ಲಿ ಮತದಾರರಿಲ್ಲ. ಅದಕ್ಕೇ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂದು ಮೋಡ ಬಿತ್ತನೆಗೆ ವಿಮಾನ ಹಾರಿಸುವುದು ಸುಲಭವಾಯಿತು, ಬೋರ್‌ವೆಲ್ ಎಣಿಸುವುದು ಕಷ್ಟವಾಯಿತು. 2017ರಲ್ಲೇ ಹೊಸದಾಗಿ ನೀಲಗಿರಿ ನೆಡುವುದಕ್ಕೆ ನಿಷೇಧ ಬಂತು ನಿಜ, ಪಂಪ್‌ಸೆಟ್ಟಿನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಈ ನಡುವೆ ಕಟ್ಟೆಯ ಕೆಳಗೆ ಅರ್ಕಾವತಿ ಬೇರೊಂದು ಬಗೆಯಲ್ಲಿ ಬದುಕಿದೆ. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತಂದ ಕಾವೇರಿ, ಬೆಂಗಳೂರಿನ ಬಚ್ಚಲು ದಾಟಿ, ವೃಷಭಾವತಿಯ ನೊರೆಯಾಗಿ ಬೈರಮಂಗಲದ ಕೆರೆ ಹಾದು ಅವಳನ್ನು ಸೇರುತ್ತದೆ, ಅಲ್ಲಿಂದ ಸಂಗಮಕ್ಕೆ ಹೋಗಿ ಮತ್ತೆ ಕಾವೇರಿಯಾಗುತ್ತದೆ. ಕಟ್ಟೆಯ ಮೇಲಿನ ಹೊಳೆಗೆ ಆ ಭಾಗ್ಯವೂ ಇಲ್ಲ. ಬರಿದಾದ ತಿಪ್ಪಗೊಂಡನಹಳ್ಳಿಗೆ ಈಗ ಸಕಲೇಶಪುರದ ಘಟ್ಟದಿಂದ ಎತ್ತಿನಹೊಳೆಯ ನೀರು ತಂದು ತುಂಬುವ ಯೋಜನೆಯಿದೆ, ಅದರದೇ ನೆಲದ ಮೇಲೆ ವರ್ಷವರ್ಷವೂ 40 ಟಿಎಂಸಿಯಷ್ಟು ಮಳೆ ಬೀಳುತ್ತಿರುವಾಗ.